ಒಂದೇ ಟ್ರ್ಯಾಕ್‌ನಾಗ ಎರಡೆರಡು ರೇಸ್ ಯಾಕ್ರಿ? ನೀವು ಕೇಳಿದ್ದಕ್ಕ ನಮ್ಮ ಉತ್ತರ

ಪ್ರಶ್ನೆ: ಸರ್, ನಾನು ಕಲಬುರಗಿನಾಗ ಆಟೊಮೊಬೈಲ್ ಡಿಪ್ಲೊಮಾ ಓದ್ಲತ್ತೀನಿ, ಎಫ್‌ವನ್ ಒಂದೂ ಬಿಡದಂಗ ನೋಡ್ತೀನಿ. ಗೆಳ್ಯಾ ಒಬ್ಬ ವರ್ಲ್ಡ್ ಎಂಡ್ಯೂರನ್ಸ್ ಚಾಂಪಿಯನ್‌ಶಿಪ್ ಅಂತ ತಾಸುಗಟ್ಟಲೆ ಓಡೋ ಕಾರ್ ರೇಸ್ ನೋಡು ಅಂದ, ನೋಡಿದ್ರ ತಲೀನೇ ಓಡವಲ್ದು. ಯಾರು ಮುಂದ, ಯಾರು ಹಿಂದ ಒಂದೂ ಗೊತ್ತಾಗಂಗಿಲ್ಲ. ಜೋರ ಹೋಗೋ ಕಾರು, ನಿಧಾನ ಹೋಗೋ ಕಾರು ಎಲ್ಲಾ ಕೂಡಿಸಿ ಯಾಕ ಓಡಸ್ತಾರ, ಬ್ಯಾರೆ ಬ್ಯಾರೆ ಓಡಸಿದ್ರ ಆಗಂಗಿಲ್ಲೇನು?

ಉತ್ತರ: ತಮ್ಮಾ, ಒಂದು ದಿನ ಮುಂಜಾನಿ ಒಂಬತ್ತಕ್ಕ ಸೇಡಂ ರಸ್ತೆ ಬಾಜೂಕ ಹೋಗಿ ನಿಂದ್ರು. ಸಿಮೆಂಟ್ ಟ್ಯಾಂಕರ್ ಬರ್ತಾವ, ತೊಗರಿ ಚೀಲ ಹೇರಿದ ಲಾರಿ ಬರ್ತದ, ಕೆಕೆಆರ್‌ಟಿಸಿ ಬಸ್ಸು, ಆಟೊ, ಬುಲೆಟ್, ನಡುವ ಒಂದು ಎಮ್ಮಿ. ದಾರಿ ಎಲ್ಲಾರದೂ ಒಂದೇ, ವೇಗ ಮಾತ್ರ ಬ್ಯಾರೆ. ಬುಲೆಟ್‌ನವ ಆಫೀಸಿಗೆ ಟೈಮಿಗೆ ಮುಟ್ತಾನೋ ಇಲ್ಲೋ ಅನ್ನೋದು ಅವನ ಗಾಡಿ ಎಷ್ಟು ಓಡ್ತದ ಅನ್ನೋದ್ರ ಮ್ಯಾಲ ಇಲ್ಲ, ಟ್ಯಾಂಕರ್ ಹಿಂದ ಎಷ್ಟೊತ್ತು ಸಿಕ್ಕೊಂಡಿದ್ದ ಅನ್ನೋದ್ರ ಮ್ಯಾಲ ಅದ. ಎಂಡ್ಯೂರನ್ಸ್ ರೇಸ್ ಅಂದ್ರ ಇಷ್ಟೇ, ಎಮ್ಮಿ ಒಂದು ಇರಂಗಿಲ್ಲ.

2024ರ ಸೀಸನ್ ತಗೋ. ಎರಡು ಕ್ಲಾಸು. ಮ್ಯಾಲಿನದು ಹೈಪರ್‌ಕಾರ್, 19 ಗಾಡಿ, ರೇಸಿಗೆ ಅಂತಲೇ ಹುಟ್ಟಿದವು, ಸುಮಾರು 670 ಅಶ್ವಶಕ್ತಿ. ಕೆಳಗಿನದು ಎಲ್‌ಎಂಜಿಟಿ3, 18 ಗಾಡಿ, ಶೋರೂಮ್‌ನಾಗ ಸಿಗೋ ಫೆರಾರಿ, ಕಾರ್ವೆಟ್, ಮಸ್ಟಾಂಗ್ ಇಂಥವನ್ನ ರೇಸಿಗೆ ತಯಾರ ಮಾಡಿದ್ದು. ಫ್ರಾನ್ಸಿನ 24 ತಾಸಿನ ರೇಸ್ ಲೆ ಮಾನ್ಸ್‌ಗೆ ಬಂದ್ರ ಇವೆರಡರ ನಡುವ ಎಲ್‌ಎಂಪಿ2 ಅಂತ ಮೂರನೇದು ಸೇರ್ತದ, ಒಟ್ಟು 62 ಕಾರು. ಅಲ್ಲಿ ಒಂದು ಸುತ್ತು 13.626 ಕಿಲೋಮೀಟರ್, ಆ ಒಂದು ಸುತ್ತಿನ್ಯಾಗ ಹೈಪರ್‌ಕಾರಿಗೂ ಜಿಟಿ3ಗೂ ಅರ್ಧ ಮಿನಿಟದಷ್ಟು ಫರಕ ಬೀಳ್ತದ. ಅಂದ್ರ ಏಳೆಂಟು ಸುತ್ತಿಗೊಮ್ಮೆ ಪ್ರತಿ ಹೈಪರ್‌ಕಾರ್ ಪ್ರತಿ ಜಿಟಿ3ಯನ್ನ ದಾಟ್ಲೇಬೇಕು, ಹಗಲೂ ರಾತ್ರಿ, ಮಳಿ ಬಂದ್ರೂ. ಎಷ್ಟು ಸಲ ದಾಟೋದು ಆಗ್ತದ ನೀನೇ ಲೆಕ್ಕ ಹಾಕು.

ಎಫ್‌ವನ್‌ನಾಗ ನೀಲಿ ಬಾವುಟ ಕಂಡ್ರ ಸರೀಲೇಬೇಕು, ಇಲ್ಲಾಂದ್ರ ದಂಡ. ಇಲ್ಲಿ ಹಂಗಲ್ಲ, ಹಿಂದ ಜೋರ ಗಾಡಿ ಬರ್ಲತ್ತದ ಅಂತ ತಿಳಸ್ತದ ಅಷ್ಟೇ. ನಾ ಗ್ಯಾರೇಜ್ ಹಾಕೋಕಿಂತ ಮೊದ್ಲು ಚೆನ್ನೈ ಹತ್ರದ ಇರುಂಗಾಟುಕೋಟೈ ಟ್ರ್ಯಾಕ್‌ನಾಗ ಒಂದು ವಾರಾಂತ್ಯ ಮಾರ್ಷಲ್ ಆಗಿ ನಿಂತಿದ್ದೆ, ಕೈಯಾಗ ಅದೇ ನೀಲಿ ಬಾವುಟ. ಅಲ್ಲಿ ಹಿರಿಯರೊಬ್ರು ಮೊದಲ ದಿನಾನೇ ಹೇಳಿದ್ದು, ನಿಧಾನ ಗಾಡಿಯವ ಉಪಕಾರ ಮಾಡ್ಲಿಕ್ಕೆ ಹೋಗಿ ಗಾಬರಿಲಿಂದ ಸರದಾಗಲೇ ಗುದ್ದಾಟ ಆಗ್ತಾವ ಅಂತ. ಅವ ತನ್ನ ದಾರಿ ಬಿಡಬಾರ್ದು, ದಾಟೋ ಜವಾಬ್ದಾರಿ ಜೋರ ಬರೋವಂದು. ಈಗ ಜಿಟಿ ಕಾರಿನ ಒಳಗ ಹಿಂದಿನ ಕ್ಯಾಮರಾ, ರಾಡಾರ್ ಎಲ್ಲಾ ಬಂದಾವ, ಯಾವ ಬಾಜೂಲಿಂದ ಬರ್ಲತ್ತಾನ ಅಂತ ಸ್ಕ್ರೀನ್ ಮ್ಯಾಲ ಬಾಣ ತೋರಸ್ತದ, ಆದ್ರೂ ತಪ್ಪು ತಪ್ಪಂಗಿಲ್ಲ.

ಇದಕ್ಕ ಪಕ್ಕಾ ಉದಾಹರಣಿ 2024ರ ಮೇ ತಿಂಗಳ, ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ರೇಸ್. ಕೆಮೆಲ್ ಅನ್ನೋ ಉದ್ದನೆ ನೇರ ದಾರಿಯೊಳಗ ಅರ್ಲ್ ಬ್ಯಾಂಬರ್ ಓಡಸ್ತಿದ್ದ ಕ್ಯಾಡಿಲಾಕ್ ಹೈಪರ್‌ಕಾರ್, ಜಿಟಿ3 ಗಾಡಿ ದಾಟುವಾಗ ಶಾನ್ ಗೆಲಾಯೆಲ್‌ನ ಬಿಎಂಡಬ್ಲ್ಯುಗೆ ತಾಗಿ ಎರಡೂ ಗೋಡಿಗೆ ಹೋಗಿ ಬಡದ್ವು. ತಡೆಗೋಡಿ ಪೂರ್ತಿ ಕಿತ್ತು ಹೋಗಿ ರೆಡ್ ಫ್ಲ್ಯಾಗ್, ಅಂದ್ರ ರೇಸೇ ನಿಲ್ಲಿಸಿದ್ರು, ರಿಪೇರಿಗೆ ಭಾಳೊತ್ತು ಹಿಡೀತು, ಹೋದ ಟೈಮ್ ಆಮ್ಯಾಲ ಕೂಡಿಸಿ ಓಡಿಸಿದ್ರು. ಅಲ್ಲಿತನಕ ಮುಂದಿದ್ದದ್ದು ಫೆರಾರಿ. ಆದ್ರ ರೆಡ್ ಫ್ಲ್ಯಾಗ್‌ಕಿಂತ ಜರಾ ಮೊದ್ಲು ಪಿಟ್ ಮಾಡಿ (ಇಂಧನ, ಟೈರಿಗಂತ ನಿಂತು) ಕುಂತಿದ್ದ ಜೋಟಾ ಅನ್ನೋ ಖಾಸಗಿ ಟೀಮಿನ ಪೋರ್ಷಾ ಗೆದ್ದು ಬಿಡ್ತು. ಬ್ಯಾಂಬರ್‌ಗೆ ಮುಂದಿನ ರೇಸಿಗೆ ಐದು ಸ್ಥಾನ ಹಿಂದ ನಿಂದ್ರೋ ಶಿಕ್ಷೆ. ಒಂದು ದಾಟೋ ಅಂದಾಜು ತಪ್ಪಿದ್ದಕ್ಕ ಇಡೀ ರೇಸೇ ತಿರುಗಿ ಹೋತು ನೋಡು. ಬ್ಯಾರೆ ಬ್ಯಾರೆ ಓಡಸಿದ್ರ ಈ ಮಜಾ ಎಲ್ಲಿಂದ ಬರ್ಬೇಕು?

ನೋಡೋದು ಹ್ಯಾಂಗ ಅಂದ್ರ, ಮೊದಲ ಎರಡು ತಾಸು ಒಟ್ಟು ಸ್ಥಾನ ನೋಡ್ಲಿಕ್ಕೆ ಹೋಗಬ್ಯಾಡ. ಒಂದು ಜಿಟಿ3 ಕಾರು ಆರಿಸ್ಕೊ, ಬಣ್ಣ ಛಲೋ ಕಂಡದ್ದೇ ಇರಲಿ ಪರವಾಗಿಲ್ಲ, ಅದರ ಕ್ಲಾಸಿನ ಸ್ಥಾನ ಅಷ್ಟೇ ನೋಡು. ಉಳಿದದ್ದು ತಾನೇ ತಿಳೀತದ.

ಪ್ರಶ್ನೆ: ಬೀದರ್‌ಲಿಂದ ಬರೀಲತ್ತೀನಿ, ನಾನು ಫಿಸಿಕ್ಸ್ ಟೀಚರ್. ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ ಅಂತ ಜೋರ ಇರೋ ಕಾರಿಗೆ ತೂಕ ಹಾಕಿ ಪವರ್ ಕಟ್ ಮಾಡ್ತಾರಂತ. ಇದು ಶಾಣ್ಯಾ ಹುಡುಗನ ಮಾರ್ಕ್ಸ್ ಕಡಿದು ದಡ್ಡಗ ಕೊಟ್ಟಂಗಲ್ಲೇನ್ರಿ?

ಉತ್ತರ: ಅಕ್ಕೋರೆ, ಮಾರ್ಕ್ಸಿನ ಲೆಕ್ಕ ಇಲ್ಲಿ ಹತ್ತಂಗಿಲ್ರಿ. ಗಂಜ್‌ನಾಗ ತೊಗರಿ ಮಾರುವಾಗ ತೇವ ಜಾಸ್ತಿ ಇದ್ರ ತೂಕದಾಗ ಕಟ್ ಮಾಡ್ತಾರಲ್ಲ, ಇದು ಆ ಲೆಕ್ಕ. ಯಾಕಂದ್ರ ಇಲ್ಲಿ ಗಾಡಿಗಳು ಒಂದೇ ಜಾತಿಯವಲ್ಲ. ಕ್ಯಾಡಿಲಾಕ್‌ನಾಗ ಟರ್ಬೊ ಇಲ್ಲದ 5.5 ಲೀಟರ್ ವಿ8, ಫೆರಾರಿಯೊಳಗ ಎರಡು ಟರ್ಬೊ ಇರೋ 3 ಲೀಟರ್ ವಿ6, ಟೊಯೊಟಾದ್ದು 3.5 ಲೀಟರ್, 2025ರ ತನಕ ಇದ್ದ ಪೋರ್ಷಾದ್ದು 4.6. ಫೆರಾರಿ, ಟೊಯೊಟಾ ಪೂರ್ತಿ ಕಾರು ತಾವೇ ಕಟ್ಟಿ ಮುಂದಿನ ಗಾಲಿಗೆ ಕರೆಂಟ್ ಮೋಟರ್ ಹಾಕ್ಯಾವ. ಪೋರ್ಷಾ, ಬಿಎಂಡಬ್ಲ್ಯು, ಕ್ಯಾಡಿಲಾಕ್ ಇವು ಡಲ್ಲಾರಾ, ಲಿಜಿಯೆ, ಮಲ್ಟಿಮ್ಯಾಟಿಕ್, ಒರೆಕಾ ಈ ನಾಲ್ಕರಾಗ ಒಬ್ಬರ ಕಡೆ ಚಾಸಿ ತಗೊಂಡು, ಎಲ್ಲಾರಿಗೂ ಒಂದೇ ನಮೂನಿ ಇರೋ ಹೈಬ್ರಿಡ್ ಹಿಂದಿನ ಗಾಲಿಗೆ ಕೂಡಸ್ಯಾವ. ಖರ್ಚು ಭಾಳ ಕಮ್ಮಿ. ಇವನ್ನೆಲ್ಲಾ ಸುಮ್ನ ಬಿಟ್ರ ಯಾರ ಕಡೆ ರೊಕ್ಕ ಜಾಸ್ತಿ ಅದ ಅವರೇ ವರ್ಷಾನೂ ಗೆಲ್ತಾರ, ಉಳಿದವ್ರು ಗಂಟು ಕಟ್ಕೊಂಡು ಮನಿಗೆ ಹೋಗ್ತಾರ. ಹಿಂದ ಹೈಪರ್‌ಕಾರ್ ಬರೋಕಿಂತ ಮೊದ್ಲಿನ ಮ್ಯಾಲಿನ ಕ್ಲಾಸು ಎಲ್‌ಎಂಪಿ1 ಕಾಲದಾಗ ಖರ್ಚು ಏರಿ ಏರಿ ಆಡಿ ಹೋತು, ಪೋರ್ಷಾ ಹೋತು, ಕೊನಿಗೆ ದೊಡ್ಡ ಕಂಪನಿ ಅಂತ ಟೊಯೊಟಾ ಒಂದೇ ಉಳೀತು.

ನಿಮಗ ಛಲೋ ಅನಸೋದು ಅಳತಿ ಮಾಡೋ ರೀತಿ. ಗಾಲಿ ತಿರುಗಿಸೋ ಶಾಫ್ಟಿಗೇ ಟಾರ್ಕ್ ಅಳಿಯೋ ಸೆನ್ಸರ್ ಹಾಕಿರ್ತಾರ, ಎಂಜಿನ್ ಎಷ್ಟರೆ ದೊಡ್ಡದಿರಲಿ ಗಾಲಿಗೆ ಮುಟ್ಟೋ ಶಕ್ತಿ ಹಾಕಿದ ಗೆರಿ ದಾಟಂಗಿಲ್ಲ. ಮ್ಯಾಲ ಒಂದು ಸ್ಟಿಂಟಿಗೆ (ಒಂದು ಪಿಟ್‌ಲಿಂದ ಇನ್ನೊಂದು ಪಿಟ್ ತನಕ) ಇಷ್ಟೇ ಶಕ್ತಿ ಬಳಸ್ಬೇಕು ಅಂತ ಮಿತಿ. ಅದಕ್ಕೇ ಕಾಮೆಂಟ್ರಿಯವ್ರು ಪೆಟ್ರೋಲ್ ಎಷ್ಟು ಲೀಟರ್ ಉಳೀತು ಅನ್ನಂಗಿಲ್ಲ, ಎನರ್ಜಿ ಎಷ್ಟು ಪರ್ಸೆಂಟ್ ಅಂತಾರ. (ಪೆಟ್ರೋಲ್ ಅಂದದ್ದೂ ಖರೇ ಪೆಟ್ರೋಲ್ ಅಲ್ರಿ, 2022ರಿಂದ ವೈನ್ ತೆಗೆದ ಮ್ಯಾಲ ಉಳಿಯೋ ದ್ರಾಕ್ಷಿ ಚರಟ, ಗಸಿಲಿಂದ ಮಾಡಿದ ಇಂಧನ. ವಿಜಯಪುರದ ದ್ರಾಕ್ಷಿಯವ್ರು ಜರಾ ಕಿವಿ ಕೊಡ್ರಿ.)

ನನಗ ಪಸಂದ್ ಇಲ್ಲದ ಮಾತೂ ಒಂದದ. ಮುಂದಿನ ರೇಸಿಗೆ ತೂಕ ಬೀಳಬಾರ್ದು ಅಂತ ಬೇಕಂತಲೇ ನಿಧಾನ ಓಡಿಸಿ ನಾಟಕ ಮಾಡೋರು ಇರ್ತಾರ ಅನ್ನೋ ಸಂಶಯ ಯಾವತ್ತೂ ಇದ್ದದ್ದೇ. ಮ್ಯಾಲ ಟೀಮಿನವ್ರು ಇದರ ಬಗ್ಗೆ ಹೊರಗ ಬಾಯಿ ಬಿಡಂಗಿಲ್ಲ ಅಂತ ರೂಲೇ ಅದ, ಸೋತವ ಮೈಕ್ ಮುಂದ ನಿಂತು "ನಿಮಗ ಗೊತ್ತೇ ಅದಲ್ಲ" ಅಂತ ನಕ್ಕು ಹೋಗ್ತಾನ. ಆದ್ರೂ ಎಂಟೊಂಬತ್ತು ಕಂಪನಿ ಒಂದೇ ಸೀಸನ್‌ನಾಗ ಗುದ್ದಾಡೋದು ನೋಡ್ಬೇಕಂದ್ರ ಇದನ್ನ ಸಹಿಸ್ಕೋಬೇಕು, ನಾ ಸಹಿಸ್ಕೊಂಡೀನಿ.

ಪ್ರಶ್ನೆ: ಯಾದಗಿರಿನಾಗ ನಂದು ಕಿರಾಣಿ ಅಂಗಡಿ. ಮಗ ಹೇಳ್ತಾನ, ಆ ಜಿಟಿ3 ಒಳಗ ರೊಕ್ಕ ಇದ್ದ ಸಾಹುಕಾರ್ರೂ ಕಾರ್ ಓಡಸ್ತಾರಂತ. ಖರೇನಾ? ಮತ್ತ ಅದೆಂಥ ವರ್ಲ್ಡ್ ಚಾಂಪಿಯನ್‌ಶಿಪ್?

ಉತ್ತರ: ಖರೇ ಅದ ಅಣ್ಣಾರೆ, ನನ್ನ ಕೇಳಿದ್ರ ಸೀಸನ್ನಿನ ಜೀವಾನೇ ಅವರು. ಮೋಟರ್ ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎ ಡ್ರೈವರ್‌ಗಳಿಗೆ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ದರ್ಜೆ ಕೊಡ್ತದ. ಎಲ್‌ಎಂಜಿಟಿ3ಯೊಳಗ ಒಂದು ಕಾರನ್ನ ಸರದಿ ಮ್ಯಾಲ ಓಡಸೋ ಮೂರು ಮಂದಿಯಾಗ ಒಬ್ರು ಬ್ರಾಂಜ್ ಇರಲೇಬೇಕು, ಅಂದ್ರ ಹೊಟ್ಟಿಗೆ ಬ್ಯಾರೆ ಉದ್ಯೋಗ ಇಟ್ಕೊಂಡು ರೇಸ್ ಮಾಡೋರು. ಭಾಳ ಸಲ ಟೀಮಿನ ಖರ್ಚಿನ ದೊಡ್ಡ ಪಾಲು ಅವರದೇ. 2024ರಾಗ ಕ್ವಾಲಿಫೈಯಿಂಗ್ (ಯಾರು ಮುಂದ ನಿಂತು ಶುರು ಮಾಡ್ಬೇಕು ಅನ್ನೋ ಓಟ) ಸೈತ ಬ್ರಾಂಜ್ ಡ್ರೈವರೇ ಓಡಸ್ಬೇಕಿತ್ತು, ಎಷ್ಟರೆ ದೊಡ್ಡ ಹೆಸರಿನವ್ರು ಟೀಮಿನ್ಯಾಗ ಇದ್ರೂ ಆವಾಗ ಗ್ಯಾರೇಜ್‌ನಾಗ ಕೈ ಕಟ್ಕೊಂಡು ಟಿವಿ ನೋಡೋದೇ. ಮೋಟೊಜಿಪಿಯ ವ್ಯಾಲೆಂಟಿನೊ ರೊಸ್ಸಿ ಆ ವರ್ಷ ಬಿಎಂಡಬ್ಲ್ಯು ಓಡಸ್ತಿದ್ದ, ಅವನದೂ ಅದೇ ಗತಿ.

ಹಂಗಾಗಿ ಪ್ರೊಫೆಷನಲ್ ಡ್ರೈವರ್‌ಗಳು ಹೆಚ್ಚುಕಮ್ಮಿ ಸಮ ಸಮ ಇರ್ತಾರ, ಯಾರ ಬ್ರಾಂಜ್ ಗಟ್ಟಿ ಅದಾನ ಅವರೇ ಮ್ಯಾಲ. ಆ ವರ್ಷ ಗೆದ್ದ ಮಾಂಥೈ ಪೋರ್ಷಾದ ಅಲೆಕ್ಸ್ ಮಾಲಿಖಿನ್ ಬ್ರಾಂಜೇ, ಕ್ಲೌಸ್ ಬಾಖ್ಲರ್, ಯೋಯೆಲ್ ಸ್ಟರ್ಮ್ ಜೋಡಿ ಚಾಂಪಿಯನ್ ಆದ. ಇನ್ನೊಂದು ತಿಳೀರಿ, ಹಿಂದ 670 ಅಶ್ವಶಕ್ತಿ ಗಾಡಿ ಲೈಟ್ ಹೊಡ್ಕೋತ ಬರ್ತಿರ್ತದ, ಕತ್ತಲ, ಮಳಿ, ಅಂಥಾದ್ರಾಗ ದಾರಿ ಬಿಡದಂಗ ಗಟ್ಟಿ ನಿಂದ್ರೋದು ರೊಕ್ಕ ಕೊಟ್ಟು ಕೊಳ್ಳೋ ಸಾಮಾನಲ್ಲ.

ಪ್ರಶ್ನೆ: 2024ರಾಗ ಲೆ ಮಾನ್ಸ್ ಗೆದ್ದದ್ದು ಫೆರಾರಿ, ಡ್ರೈವರ್ ಚಾಂಪಿಯನ್ ಪೋರ್ಷಾದವ್ರು, ಕಂಪನಿ ಚಾಂಪಿಯನ್ ಟೊಯೊಟಾ. ಇದೇನ್ ಲೆಕ್ಕಾ?

ಉತ್ತರ: ಗೆದ್ದವರಿಗೆ ಆರು ತಾಸಿನ ರೇಸಿಗೆ 25 ಪಾಯಿಂಟ್, ಎಂಟು-ಹತ್ತು ತಾಸಿನವಕ್ಕ 38, ಲೆ ಮಾನ್ಸ್‌ಗೆ ಡಬಲ್ ಅಂದ್ರ 50. 2024ರಾಗ ಎಂಟು ರೇಸು. 6 ನಂಬರಿನ ಪೋರ್ಷಾದ ಕೆವಿನ್ ಎಸ್ಟ್ರ್, ಆಂದ್ರೆ ಲಾಟರರ್, ಲೌರೆನ್ಸ್ ವಾಂಥೋರ್ ಗೆದ್ದದ್ದು ಎರಡೇ, ಕತಾರ್ ಮತ್ತ ಫೂಜಿ. ಆದ್ರ ಇಮೋಲಾ, ಸ್ಪಾ, ಸಾವೊ ಪಾಲೊ ಮೂರರಾಗೂ ಎರಡನೇ ಸ್ಥಾನ, ಲೆ ಮಾನ್ಸ್‌ನಾಗ ನಾಲ್ಕು. ಅಂದ್ರ ಏನು, ಹೆಚ್ಚುಕಮ್ಮಿ ಎಲ್ಲಾ ಕಡೆ ಗಾಡಿ ಕೆಡದಂಗ ಮನಿಗೆ ತಂದ್ರು. ಫೆರಾರಿ ಇಮೋಲಾದಾಗ ಮಳಿ ಟೈರ್ ಹಾಕೋ ಟೈಮ್ ತಪ್ಪಿ ಗೆಲ್ಲೋ ರೇಸ್ ಟೊಯೊಟಾಗ ಕೊಟ್ಟು ಕುಂತ್ರು, ಸ್ಪಾ ಕಥಿ ಮ್ಯಾಲ ಹೇಳೀನಿ, ಹಿಂಗ ಎರಡು ರೇಸ್ ಕೈ ಬಿಟ್ಟ ಮ್ಯಾಲ ಲೆ ಮಾನ್ಸಿನ 50 ಎಷ್ಟಕ್ಕಂತ ಸಾಕಾಗ್ತದ.

ಕಂಪನಿ ಲೆಕ್ಕ ಬ್ಯಾರೆ ಖಾತಾ. ಖಾಸಗಿ ಟೀಮಿನ ಪಾಯಿಂಟ್ ಅಲ್ಲಿ ಸೇರಂಗಿಲ್ಲ. ಟೊಯೊಟಾ ಬರೇ ಎರಡು ಪಾಯಿಂಟಿಲೆ ಪೋರ್ಷಾನ್ನ ಹಿಂದ ಹಾಕ್ತು, ಅದೂ ಕೊನೆ ರೇಸ್ ಬಹರೈನ್‌ನಾಗ, ಸೆಬಾಸ್ಟಿಯನ್ ಬ್ಯುಮಿ ಕೊನೆಕೊನಿಗೆ ಮುಂದ ಹೋಗಿ ಗೆದ್ದದ್ದಕ್ಕ. ಮರುವರ್ಷ 2025ಕ್ಕ ಫೆರಾರಿ ಪಾಠ ಕಲ್ತು ಡ್ರೈವರ್, ಕಂಪನಿ ಎರಡೂ ಪಟ್ಟ ಒಯ್ದ್ರು.

ಪ್ರಶ್ನೆ: ನಮ್ಮ ದೇಶದವ್ರು ಯಾರರೆ ಲೆ ಮಾನ್ಸ್ ಓಡಿಸ್ಯಾರೇನ್ರಿ?

ಉತ್ತರ: ಓಡಿಸ್ಯಾರ. 2009ರಾಗ ನಾರಾಯಣ್ ಕಾರ್ತಿಕೇಯನ್‌ಗೆ ಆಡಿ ಕಾರ್ ಸಿಕ್ಕಿತ್ತು, ರೇಸಿಗೆ ಮೊದ್ಲೇ ಪಿಟ್ ಗೋಡಿ ಮ್ಯಾಲಿಂದ ಜಾರಿ ಭುಜ ಸರಿಸ್ಕೊಂಡ, ಪಾಪ, ಒಂದು ಸುತ್ತೂ ಓಡಸ್ಲಿಕ್ಕೆ ಆಗ್ಲಿಲ್ಲ. 2012ರಾಗ ಕರುಣ್ ಚಾಂಧೋಕ್ ಓಡಿಸಿ ಒಟ್ಟಾರೆ ಆರನೇ ಸ್ಥಾನ ಬಂದ. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2019ರಾಗ ಎಲ್‌ಎಂಪಿ2ನಾಗ ಇದ್ದ.

ಪ್ರಶ್ನೆ: ಲೆ ಮಾನ್ಸ್ ನಮಗ ಎಷ್ಟೊತ್ತಿಗೆ ಬರ್ತದ? ಪೂರ್ತಿ 24 ತಾಸು ಕುಂತು ನೋಡ್ಬೇಕಾ?

ಉತ್ತರ: ಜೂನ್ ತಿಂಗಳು, ಅಲ್ಲಿ ಸಂಜಿ ನಾಲ್ಕಕ್ಕ ಬಿಡ್ತಾರ, ನಮಗ ಶನಿವಾರ ರಾತ್ರಿ ಏಳೂವರಿ. ಪೂರ್ತಿ ಕೂಡೋದು ಬ್ಯಾಡ. ರೇಸ್ ಓಡಸೋ ಡ್ರೈವರೇ ಒಬ್ಬ 14 ತಾಸಿಗಿಂತ ಜಾಸ್ತಿ ಓಡಸಂಗಿಲ್ಲ, ಆರು ತಾಸಿನ್ಯಾಗ ನಾಲ್ಕರ ಮ್ಯಾಲ ಇಲ್ಲ, ನೀವ್ಯಾಕ ಹೈರಾಣ ಆಗ್ತೀರಿ. ಶುರು ಎರಡು ತಾಸು ನೋಡ್ರಿ, ಊಟ ಮಾಡಿ ಮಲ್ಕೋರಿ, ಐತವಾರ ಸಂಜಿ ನಾಲ್ಕಕ್ಕ ಮತ್ತ ಹಚ್ರಿ.

2024ರಾಗ ನಮ್ಮ ಗ್ಯಾರೇಜಿನ ಹುಡುಗ್ರು ಕೇಳ್ಲಿಲ್ಲ, ಮೊಬೈಲ್ ಗೋಡಿಗೆ ಆನಿಸಿ ಇಟ್ಟು ರಾತ್ರಿ ಇಡೀ ಎದ್ದು ಕುಂತ್ರು. ನಮಗ ಬೆಳಗಾಗೋ ಹೊತ್ತಿಗೆ ಅಲ್ಲಿ ಮಳಿ ಜೋರಾಗಿ, ಎಲ್ಲಾರನ್ನೂ ನಿಧಾನ ಮಾಡಿ ಮುಂದ ಹೋಗೋ ಸೇಫ್ಟಿ ಕಾರ್ ಬಂತು, ನಾಲ್ಕು ತಾಸು ಎಲ್ಲಾ ಗಾಡಿ ಅದರ ಹಿಂದ ಮೆರವಣಿಗಿ ಹೋದಂಗ ಹೋದ್ವು, ಹುಡುಗ್ರು ಟೈರ್ ಮ್ಯಾಲೇ ತಲಿ ಇಟ್ಟು ಮಲ್ಕೊಂಡ್ರು. ಸಂಜಿಗೆ ನಾನೊಬ್ಬನೇ ನೋಡ್ಲತ್ತಿದ್ದೆ. ಮುಂದಿದ್ದ 50 ನಂಬರ್ ಫೆರಾರಿಯ ಬಾಗಿಲು ಓಡ್ತಾ ಓಡ್ತಾನೇ ತೆರಕೊಂಡು ಬಡ್ಕೊಳ್ಳಾಕತ್ತಿತು, ಪಿಟ್ಟಿಗೆ ಬಂದು ಹಾಕ್ಕೊಂಡು ಹೋಗ್ರಿ ಅಂತ ಹುಕುಂ ಆತು. ಅದಕ್ಕ ಅವರ ಲೆಕ್ಕ ಎಲ್ಲಾ ಉಲ್ಟಾ, ಇದ್ದ ಎನರ್ಜಿ ಹಿಡಿದು ಹಿಡಿದು ಓಡಿಸಿ, ಕೊನಿಗೆ 2 ಪರ್ಸೆಂಟ್ ಉಳಿಸ್ಕೊಂಡು, ಟೊಯೊಟಾಕಿಂತ ಬರೇ 14 ಸೆಕೆಂಡ್ ಮುಂದ ಗೆರಿ ದಾಟ್ತು. 24 ತಾಸು ಓಡಿದ ಮ್ಯಾಲ 14 ಸೆಕೆಂಡ್ರಿ. ಹುಡುಗ್ರನ್ನ ಎಬ್ಬಿಸಿದ್ರ ಒಬ್ಬ ಕಣ್ಣು ತಿಕ್ಕೋತ "ಸೇಫ್ಟಿ ಕಾರ್ ಹೋತೇನ್ರಿ" ಅಂತ ಕೇಳ್ದ.