ಸಂಸಾರ ಸಾಗಿಸುವ ಮುನ್ನ ಮಳೆಗಾಲದ ಕೆಲಸ ನೋಡಿಕೊಳ್ಳಿ: ಶಿರಸಿ–ಕುಮಟಾ ಕಡೆಗೆ ಬರಬೇಕೆಂದಿರುವ ಸದಸ್ಯರಿಗೆ ಉತ್ತರ

ನಮಸ್ಕಾರ. ಪೀಣ್ಯದ ಶೆಡ್ಡೊಂದರಲ್ಲಿ ವೆಲ್ಡರ್ ಆಗಿರುವ ನೀವು, ಗಾರ್ಮೆಂಟ್ಸ್‌ಗೆ ಹೋಗುವ ನಿಮ್ಮ ಪತ್ನಿ, ಐದನೆಯ ಮತ್ತು ಎರಡನೆಯ ತರಗತಿಯ ಮಕ್ಕಳು ಹಾಗೂ ವಯಸ್ಸಾದ ತಾಯಿಯೊಂದಿಗೆ ಶಿರಸಿ ಅಥವಾ ಕುಮಟಾ ಕಡೆಗೆ ಬಂದು ನೆಲೆಸಬೇಕೆಂದು ಬರೆದಿದ್ದೀರಿ. ಸ್ವಂತ ಜಮೀನಿಲ್ಲ, ಉಳಿತಾಯ ಕಡಿಮೆ, ತೋಟದ ಕೆಲಸ ಸಿಕ್ಕೀತೇ, ಮುಂದೆ ಸ್ವಲ್ಪ ಜಾಗ ಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಈಗಾಗಲೇ ಕೆಲವರು ಇಲ್ಲಿ ಆಳಿನ ಅಭಾವ ಬಹಳ, ಧೈರ್ಯವಾಗಿ ಬನ್ನಿ ಎಂದು ಉತ್ತರಿಸಿದ್ದಾರೆ. ಅವರ ಮಾತು ಸುಳ್ಳಲ್ಲ. ಆದರೆ ತೋಟಿಗರು ಆಳು ಸಿಗುವುದಿಲ್ಲ ಎಂದು ಕಷ್ಟಪಡುವುದು ಮುಖ್ಯವಾಗಿ ಕೊಯ್ಲಿನ ತಿಂಗಳುಗಳಲ್ಲಿ. ಸಂಸಾರ ಮಾತ್ರ ಹನ್ನೆರಡು ತಿಂಗಳೂ ನಡೆಯಬೇಕು. ಶಿರಸಿ ತಾಲ್ಲೂಕಿನಲ್ಲಿ ಸಣ್ಣ ಅಡಿಕೆ ತೋಟ ಇಟ್ಟುಕೊಂಡು, ಆಳುಗಳಿಗೆ ಕೆಲಸ ಕೊಡುವ ಕಡೆಯಿಂದ ಇದನ್ನೆಲ್ಲ ನೋಡುತ್ತ ಬಂದಿರುವ ನಾನು ನಿಮಗೆ ಹೇಳಬೇಕಾದದ್ದು ಮುಖ್ಯವಾಗಿ ಒಂದೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀವು ಯಾವ ಕೆಲಸ ಮಾಡುತ್ತೀರಿ ಎಂಬುದು ಗಟ್ಟಿಯಾಗುವವರೆಗೆ ಮನೆಮಂದಿಯನ್ನು ಕರೆತರಬೇಡಿ.

ಇಲ್ಲಿನ ವರ್ಷ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಘಟ್ಟದ ಮೇಲೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ, ದೀಪಾವಳಿಯ ನಂತರ ಅಡಿಕೆ ಕೊಯ್ಲು ಜೋರಾಗುತ್ತದೆ. ಕೊನೆ (ಅಡಿಕೆಯ ಗೊಂಚಲು) ಇಳಿಸುವುದು, ಹೊರುವುದು, ಹಸಿ ಅಡಿಕೆ ಸುಲಿದು ಬೇಯಿಸುವುದು, ಚಾಲಿಗೆ (ಸಿಪ್ಪೆಯೊಂದಿಗೇ ಒಣಗಿಸುವ ಅಡಿಕೆ) ಬಿಟ್ಟದ್ದನ್ನು ಅಂಗಳದಲ್ಲಿ ಒಂದೂವರೆ ತಿಂಗಳಷ್ಟು ಒಣಗಿಸುವುದು, ಆಮೇಲೆ ಸುಲಿಯುವುದು, ಹೀಗೆ ಏಪ್ರಿಲ್‌ವರೆಗೂ ಕೈಗೆ ಬಿಡುವಿರುವುದಿಲ್ಲ. ಇದರ ಜೊತೆಗೆ ಬೆಟ್ಟದಿಂದ ದರಕು (ಒಣಗಿದ ಎಲೆ) ತರುವುದು, ಗೊಬ್ಬರ ಹಾಕುವುದು, ಬೇಸಿಗೆಯಲ್ಲಿ ಮನೆ ಕಟ್ಟುವ ಕೆಲಸಗಳೂ ನಡೆಯುತ್ತವೆ. ಮಳೆ ಹಿಡಿದ ಮೇಲೆ ಉಳಿಯುವುದು ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಮದ್ದು) ಹೊಡೆಯುವುದು, ಗದ್ದೆ ಇರುವಲ್ಲಿ ನಾಟಿ ಮತ್ತು ಕಳೆ ತೆಗೆಯುವುದು. ಮದ್ದು ಹೊಡೆಯುವವರಿಗೆ ಕೂಲಿ ಹೆಚ್ಚು, ನಿಜ. ಆದರೆ ಅದು ಜಾರುವ ಮರ ಏರುವ ಕೆಲಸ, ಚಿಕ್ಕಂದಿನಿಂದ ಮರ ಹತ್ತಿ ಪಳಗಿದ ಕೊನೆಗೌಡರ ಕೆಲಸ. ನಲವತ್ತರ ಹತ್ತಿರವಿರುವ, ಮರ ಏರಿ ಅಭ್ಯಾಸವಿಲ್ಲದ ನೀವು ಅದಕ್ಕೆ ಕೈ ಹಾಕಬೇಡಿ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಉದ್ದನೆಯ ದೋಟಿಯಿಂದ ನೆಲದ ಮೇಲೆ ನಿಂತೇ ಕೊನೆ ಇಳಿಸುವ, ಮದ್ದು ಹೊಡೆಯುವ ಪದ್ಧತಿ ಈಗ ಹಬ್ಬುತ್ತಿದೆ. ಅದನ್ನು ಕಲಿಯಬಹುದು, ಆದರೆ ಕಲಿತ ಮೊದಲ ವರ್ಷವೇ ಅದರಿಂದ ಜೀವನ ಸಾಗುತ್ತದೆ ಎಂದುಕೊಳ್ಳಬೇಡಿ.

ನಿಮ್ಮ ನಿಜವಾದ ಬಂಡವಾಳ ವೆಲ್ಡಿಂಗ್. ಪತ್ರದಲ್ಲಿ ನೀವು ಅದನ್ನು ಬಿಟ್ಟುಬರಬೇಕಾದ ಕೆಲಸದಂತೆ ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಆಳು ಕಡಿಮೆಯಾದಷ್ಟೂ ನಮ್ಮ ಹಳ್ಳಿಗಳಲ್ಲಿ ಯಂತ್ರಗಳು ಹೆಚ್ಚಾಗಿವೆ. ಕಳೆ ಕೊಚ್ಚುವ ಯಂತ್ರ, ಮದ್ದು ಹೊಡೆಯುವ ಪಂಪು, ಅಡಿಕೆ ಸುಲಿಯುವ ಯಂತ್ರ, ಡ್ರೈಯರ್, ಮಂಗ ಮತ್ತು ಹಂದಿಯ ಕಾಟಕ್ಕೆ ಹಾಕುವ ಸೋಲಾರ್ ಬೇಲಿ, ಅಂಗಳದ ಮೇಲಿನ ಶೀಟಿನ ಮಾಡು, ಕೊಟ್ಟಿಗೆಯ ಗೇಟು, ಹೀಗೆ ರಿಪೇರಿಗೆ ಬರುವ ವಸ್ತುಗಳಿಗೆ ಕೊನೆಯಿಲ್ಲ. ಕಳೆ ಯಂತ್ರವೂ ಪಂಪೂ ಕೈಕೊಡುವುದು ಹೆಚ್ಚಾಗಿ ಮಳೆಗಾಲದಲ್ಲೇ, ಏಕೆಂದರೆ ಅವು ಹೆಚ್ಚು ಓಡುವುದೇ ಆಗ. ಎರಡು ಬಿಸಿಲು ಬಿದ್ದಾಗ ಮದ್ದು ಹೊಡೆದು ಮುಗಿಸಬೇಕಾದ ತೋಟಿಗನಿಗೆ ಪಂಪು ಕೆಟ್ಟರೆ ಅದನ್ನು ಪೇಟೆಗೆ ಹೊತ್ತು, ಸರದಿ ಕಾಯುವಷ್ಟು ಸಮಯ ಇರುವುದಿಲ್ಲ. ಬೈಕಿನಲ್ಲಿ ಮನೆಬಾಗಿಲಿಗೆ ಬಂದು ಸರಿ ಮಾಡಿಕೊಡುವವರು ಐದಾರು ಊರಿಗೆ ಒಬ್ಬರಿದ್ದರೂ ಅವರಿಗೆ ಕೆಲಸ ತಪ್ಪುವುದಿಲ್ಲ. ಇದಕ್ಕಾಗಿ ನೀವು ಸಣ್ಣ ಪೆಟ್ರೋಲ್ ಎಂಜಿನ್ ಬಿಚ್ಚಿ ಜೋಡಿಸುವುದನ್ನೂ ಮೋಟಾರ್ ರಿವೈಂಡಿಂಗನ್ನೂ ಬೆಂಗಳೂರಿನಲ್ಲಿ ಇರುವಾಗಲೇ, ರಜೆಯ ದಿನಗಳಲ್ಲಿ ಯಾವುದಾದರೂ ಅಂಗಡಿಯಲ್ಲಿ ಕಲಿತುಕೊಳ್ಳುವುದು ಉತ್ತಮ. ಕುಮಟಾ ಮತ್ತು ಹಳಿಯಾಳದಲ್ಲಿರುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಇಂಥ ಕಸುಬುಗಳ ತರಬೇತಿಯನ್ನು ಊಟ ವಸತಿಯೊಂದಿಗೆ ಉಚಿತವಾಗಿ ಕೊಡುತ್ತವೆ. ಅಲ್ಲಿ ಕಲಿತವರಿಗೆ ಬ್ಯಾಂಕಿನ ಸಾಲಕ್ಕೂ ದಾರಿ ತೋರಿಸುತ್ತಾರೆ.

ಕರಾವಳಿಯ ಲೆಕ್ಕ ಬೇರೆ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು, ಬಂದರಿನ ಕೂಲಿಯವರು, ಮಂಜುಗಡ್ಡೆಯವರು, ಮೀನು ಸಾಗಿಸುವವರು ಎಲ್ಲರ ಕೈಯೂ ಕಟ್ಟಿದಂತಾಗುತ್ತದೆ. ಆದರೆ ಆ ಎರಡು ತಿಂಗಳೇ ಬೋಟುಗಳ ರಿಪೇರಿಯ ಕಾಲ. ಕಾರವಾರದ ಬೈತಖೋಲ, ಕುಮಟಾದ ತದಡಿ, ಹೊನ್ನಾವರದ ಕಾಸರಕೋಡ, ಭಟ್ಕಳದ ಬಂದರುಗಳಲ್ಲಿ ನಿಷೇಧ ಆರಂಭವಾಗುವ ಮೊದಲೇ ಹೋಗಿ ಬೋಟಿನ ಮಾಲೀಕರನ್ನು ಕಂಡು ಮಾತನಾಡಿದರೆ, ವೆಲ್ಡಿಂಗ್ ಬಲ್ಲವರಿಗೆ ಬೇರೆಯವರ ಕೆಲಸ ನಿಂತಾಗಲೇ ಕೆಲಸ ಸಿಗುತ್ತದೆ. ಹಾಗೆಂದು ಸಮುದ್ರಕ್ಕೆ ಹೋಗುವ ಕೆಲಸ ಒಪ್ಪಿಕೊಳ್ಳಬೇಡಿ. ಅದು ಹಲವು ದಿನ ದಡ ಕಾಣದೆ ಇರಬೇಕಾದ, ಅಭ್ಯಾಸವಿಲ್ಲದವರಿಗೆ ಅಪಾಯದ ಕೆಲಸ. ಸಾಣಿಕಟ್ಟಾದ ಉಪ್ಪಿನಾಗರದ ಕೆಲಸ ಬೇಸಿಗೆಯದು, ಮಳೆ ಬಂದ ಕೂಡಲೇ ಮುಗಿಯುತ್ತದೆ. ಗೋಕರ್ಣ, ಮುರುಡೇಶ್ವರ, ದಾಂಡೇಲಿಯ ಹೋಂಸ್ಟೇ ಮತ್ತು ರೆಸಾರ್ಟುಗಳಲ್ಲಿ ಅಡುಗೆ, ಸ್ವಚ್ಛತೆ, ನಿರ್ವಹಣೆಯ ಕೆಲಸಗಳಿವೆ, ಅಲ್ಲಿಯೂ ಮಳೆಗಾಲದಲ್ಲಿ ಜನ ಕಡಿಮೆ ಮಾಡುತ್ತಾರೆ.

ತಿಂಗಳ ಸಂಬಳವೇ ಬೇಕು, ಕಸುಬನ್ನು ಸ್ವಂತವಾಗಿ ನಡೆಸುವ ಧೈರ್ಯ ಈಗಲೇ ಇಲ್ಲ ಎಂದಾದರೆ ಶಿರಸಿಗಿಂತ ಕಾರವಾರ ನಿಮಗೆ ಹೊಂದುತ್ತದೆ. ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 700 ಮೆಗಾವಾಟಿನ 5 ಮತ್ತು 6ನೆಯ ಘಟಕಗಳ ಕಾಮಗಾರಿ ಇದೆ, ನೌಕಾನೆಲೆಯ ಗುತ್ತಿಗೆದಾರರಿದ್ದಾರೆ, ರೈಲಿನಲ್ಲಿ ಗೋವಾದ ಮಡಗಾಂವ್ ಕಡೆಗೆ ದುಡಿಯಲು ಹೋಗಿ ಬರುವವರು ಬಹಳ. ಇಂಥ ಕಡೆಗಳಲ್ಲಿ ಕೆಲಸ ಕೊಡುವ ಮೊದಲು ವೆಲ್ಡಿಂಗ್ ಪರೀಕ್ಷೆ ಮಾಡುತ್ತಾರೆ ಮತ್ತು ಪೊಲೀಸ್ ಪರಿಶೀಲನೆಯ ಪತ್ರ ಕೇಳುತ್ತಾರೆ. ಐಟಿಐ ಪ್ರಮಾಣಪತ್ರ ಮತ್ತು ಈಗಿನ ಕಾರ್ಖಾನೆಯ ಅನುಭವ ಪತ್ರವನ್ನು ಕೆಲಸ ಬಿಡುವ ಮೊದಲೇ ಪಡೆದಿಟ್ಟುಕೊಳ್ಳಿ. ಗುತ್ತಿಗೆದಾರರ ಕೈಕೆಳಗೆ ಸೇರುವಾಗ ಪಿಎಫ್ ಕಟ್ಟುತ್ತಾರೆಯೇ ಎಂದು ಕೇಳಲು ಸಂಕೋಚಪಡಬೇಡಿ. ಈಗಿರುವ ಪಿಎಫ್ ಹಣವನ್ನು ತೆಗೆಯದೆ ಅದೇ ಯುಎಎನ್‌ಗೆ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಮುಂದುವರಿಸಿ, ಏಕೆಂದರೆ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಒಂದೇ ಕಾರ್ಖಾನೆಯಲ್ಲಿ ನಿಮಗಾಗಲಿ ಪತ್ನಿಗಾಗಲಿ 5 ವರ್ಷ ತುಂಬಿದ್ದರೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಬರಬೇಕು. ತುಂಬಲು ಕೆಲವೇ ತಿಂಗಳಿದ್ದರೆ ಅಷ್ಟು ಕಾದು ಹೊರಡಿ.

ನಿಮ್ಮ ಪತ್ನಿಯವರ ಕೆಲಸದ ಬಗ್ಗೆ ಪತ್ರದಲ್ಲಿ ಒಂದು ಸಾಲು ಮಾತ್ರ ಇದೆ, ಆದರೆ ಇಬ್ಬರ ದುಡಿಮೆಯಿಂದ ನಡೆಯುತ್ತಿರುವ ಸಂಸಾರ ಅದು. ಅಲ್ಲಿನಂತೆ ತಿಂಗಳ ಸಂಬಳದ ಹೊಲಿಗೆ ಕೆಲಸ ಇಲ್ಲಿನ ಹಳ್ಳಿಗಳಲ್ಲಿ ಸಿಗುವುದು ಕಷ್ಟ. ಸ್ವಂತ ಯಂತ್ರವಿದ್ದರೆ ಶಾಲೆ ಆರಂಭವಾಗುವ ಸಮಯದಲ್ಲಿ ಸಮವಸ್ತ್ರ, ಮದುವೆಯ ಕಾಲದಲ್ಲಿ ರವಿಕೆ ಹೊಲಿಯಬಹುದು. ಚಾಲಿ ಸುಲಿಯುವ ಕೆಲಸ ಹೆಂಗಸರಿಗೆ ಬೇಸಿಗೆಯವರೆಗೂ ಇರುತ್ತದೆ. ಸುಲಿದ ತೂಕಕ್ಕೆ ತಕ್ಕಂತೆ ಕೂಲಿ ಸಿಗುವುದರಿಂದ ಕೈ ಚುರುಕಾದಷ್ಟೂ ಲಾಭ, ಹೊಲಿಗೆಯ ಕೈಗೆ ಅದು ಬೇಗ ಒಗ್ಗುತ್ತದೆ. ಕುಮಟಾ ಕಡೆ ಗೇರುಬೀಜದ ಕಾರ್ಖಾನೆಗಳಲ್ಲಿ ಹೆಂಗಸರೇ ಹೆಚ್ಚು. ಬಂದ ಕೂಡಲೇ ಊರಿನ ಸ್ವಸಹಾಯ ಸಂಘಕ್ಕೆ ಸೇರಿಕೊಳ್ಳಲಿ. ಸಾಲಕ್ಕಿಂತಲೂ ಮುಖ್ಯವಾಗಿ, ಯಾರ ಮನೆಯಲ್ಲಿ ಯಾವ ಕೆಲಸವಿದೆ ಎಂಬ ಸುದ್ದಿ ಹೊಸಬರಿಗೆ ಮೊದಲು ತಿಳಿಯುವುದು ಅಲ್ಲಿಯೇ.

ತೋಟದ ಮನೆಯಲ್ಲೇ ಉಳಿದುಕೊಂಡು ಗಂಡ ಹೆಂಡತಿ ಇಬ್ಬರೂ ಕೆಲಸ ಮಾಡಿ ಎಂದು ಕರೆಯುವವರು ನಿಮಗೆ ಖಂಡಿತ ಸಿಗುತ್ತಾರೆ. ಬಾಡಿಗೆ ಉಳಿಯುತ್ತದೆ, ಹಾಲು ತರಕಾರಿ ಸಿಗುತ್ತದೆ, ಒಳ್ಳೆಯ ಮಾಲೀಕರೂ ಇದ್ದಾರೆ. ಆದರೆ ದೊಡ್ಡ ಮೊತ್ತದ ಮುಂಗಡ ಪಡೆದು ಹೋಗಬೇಡಿ. ಮುಂಗಡ ತೀರದೆ ಕೆಲಸ ಬಿಡುವಂತಿಲ್ಲ, ಕೆಲಸ ಬಿಟ್ಟರೆ ಅದೇ ದಿನ ಮನೆಯನ್ನೂ ಬಿಡಬೇಕು ಎಂಬ ಸ್ಥಿತಿಗೆ ಸಿಕ್ಕಿದವರನ್ನು ನಾನು ಕಂಡಿದ್ದೇನೆ. ವಾರದ ರಜೆ, ಮಳೆಯ ದಿನಗಳ ಕೂಲಿ, ಮಕ್ಕಳು ಶಾಲೆಗೆ ಹೋಗುವ ವ್ಯವಸ್ಥೆ, ಈ ಮೂರನ್ನು ಮೊದಲೇ ಮಾತನಾಡಿ.

ಜಾಗ ಕೊಳ್ಳುವ ವಿಚಾರವನ್ನು ಮೂರು ನಾಲ್ಕು ವರ್ಷ ಮುಂದೂಡಿ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳಬಹುದು, ತೊಡಕು ಅಲ್ಲಿಲ್ಲ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ನೆಲದ ಬಹುಪಾಲು ಕಾಡು. ಮಾಲ್ಕಿ (ಖಾಸಗಿ ಒಡೆತನದ) ಜಮೀನು ಕಡಿಮೆ, ಬೆಲೆ ಹೆಚ್ಚು. ಕಡಿಮೆ ಬೆಲೆಗೆ ಸಿಗುತ್ತದೆ ಎಂದು ನಿಮಗೆ ತೋರಿಸುವ ಜಾಗ ಅರಣ್ಯದ ಅತಿಕ್ರಮಣವಾಗಿರುವ ಸಾಧ್ಯತೆ ಬಹಳ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸ್ವಾಧೀನದಲ್ಲಿರುವವರು, ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರಿನ ವಾಸವನ್ನೂ ತೋರಿಸಿ, ಹಕ್ಕು ಕೇಳಬಹುದು; ಅವರಿಂದ ಛಾಪಾ ಕಾಗದದ ಮೇಲೆ ಬರೆಸಿಕೊಂಡು ಹಣ ಕೊಟ್ಟ ನಿಮಗೆ ಯಾವ ಹಕ್ಕೂ ಬರುವುದಿಲ್ಲ. ಹಾಗೆಯೇ ತೋಟದ ಜೊತೆ ಬೆಟ್ಟವೂ ಬರುತ್ತದೆ ಎಂದರೆ, ಸೊಪ್ಪಿನಬೆಟ್ಟದಲ್ಲಿ ಸೊಪ್ಪು ದರಕು ಒಯ್ಯುವ ಸವಲತ್ತಷ್ಟೇ, ಒಡೆತನವಲ್ಲ. ಅಡಿಕೆ ಸಸಿ ನೆಟ್ಟರೂ ಫಸಲು ಕಾಣಲು ಐದಾರು ವರ್ಷ ಬೇಕು. ಗೇಣಿಗೆ ತೋಟ ಮಾಡುತ್ತೇನೆಂದರೆ, 1974ರ ಭೂಸುಧಾರಣೆಯ ನಂತರ ಯಾರೂ ಗೇಣಿಗೆ ಕೊಡುವುದಿಲ್ಲ.

ಬಾಡಿಗೆ ಮನೆ ಹುಡುಕುವಾಗ ಗುಡ್ಡ ಕಡಿದು ಮಾಡಿದ ಜಾಗದ ಬುಡದಲ್ಲಿರುವ ಮನೆಯನ್ನು, ಎಷ್ಟೇ ಅಗ್ಗವಾಗಿದ್ದರೂ, ಬೇಡವೆನ್ನಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜೀವಗಳು ಹೋದದ್ದು ನಿಮಗೂ ತಿಳಿದಿರಬಹುದು. ಗಂಗಾವಳಿ, ಅಘನಾಶಿನಿ, ಶರಾವತಿ ದಡದ ತಗ್ಗಿನ ಮನೆಗಳ ಗೋಡೆಯ ಮೇಲೆ ನೆರೆಯ ಗುರುತು ಎಷ್ಟು ಎತ್ತರಕ್ಕಿದೆ ಎಂದು ಅಕ್ಕಪಕ್ಕದವರನ್ನೇ ಕೇಳಿ. ತಾಯಿಯವರ ಸಲುವಾಗಿ ತಾಲ್ಲೂಕು ಆಸ್ಪತ್ರೆಗೆ ಬಸ್ಸಿರುವ ಊರನ್ನೇ ಆರಿಸಿ. ಇಲ್ಲಿನವರು ದೊಡ್ಡ ಚಿಕಿತ್ಸೆಗೆ ಇಂದಿಗೂ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾದ ಬಾಂಬೋಳಿಗೆ ಓಡುತ್ತಾರೆ. ಸಿದ್ದಾಪುರದ ಕಡೆ ಕೆಲಸಕ್ಕೆ ಹೋಗುವುದಾದರೆ ಚಳಿಗಾಲದಿಂದ ಮಳೆ ಬರುವವರೆಗೆ ಮಂಗನ ಕಾಯಿಲೆಯ ಭಯವಿದೆ. ಉಣ್ಣಿಯಿಂದ ಹರಡುವ ರೋಗವಾದ್ದರಿಂದ ಆರೋಗ್ಯ ಇಲಾಖೆಯವರು ಕೊಡುವ ತೈಲ ಹಚ್ಚಿಕೊಳ್ಳದೆ ದರಕು ತರಲು ಹೋಗಬೇಡಿ.

ಪಡಿತರವನ್ನು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡೆಯಬಹುದು, ಅದರ ಚಿಂತೆ ಬೇಡ. ಮಕ್ಕಳ ವರ್ಗಾವಣೆ ಪತ್ರ ಪರೀಕ್ಷೆ ಮುಗಿದ ಮೇಲೆ ತೆಗೆದುಕೊಳ್ಳಿ. ದೊಡ್ಡ ಮಗು ಈಗ ಐದರಲ್ಲಿರುವುದರಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಆರನೆಯ ತರಗತಿಯ ಪ್ರವೇಶ ಪರೀಕ್ಷೆಗೆ ಈ ವರ್ಷವೇ ಅರ್ಜಿ ಹಾಕಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳಿ.

ನೀವು ಒಬ್ಬರೇ ನವೆಂಬರಿನಲ್ಲಿ ಬನ್ನಿ. ಪತ್ನಿಯವರ ಸಂಬಳ ಅಲ್ಲಿ ಮುಂದುವರಿಯಲಿ. ಕೊಯ್ಲಿನ ಕೂಲಿಯಲ್ಲಿ ನಿಮ್ಮ ಊಟ ವಸತಿ ನಡೆಯುತ್ತದೆ, ಮನೆಮನೆಯ ಯಂತ್ರಗಳ ಪರಿಚಯವೂ ಆಗುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಮಳೆಗಾಲದ ರಿಪೇರಿಗೆ ನಿಮ್ಮನ್ನೇ ಕರೆಯುವ ಮನೆಗಳು ಅಥವಾ ಬಂದರಿನ ಕೆಲಸ ಗೊತ್ತಾಗಿದ್ದರೆ, ಮತ್ತು ಬೆಂಗಳೂರಿನ ಮನೆಯ ಅಡ್ವಾನ್ಸ್ ಸೇರಿ ನಾಲ್ಕು ತಿಂಗಳ ಖರ್ಚಿನ ಹಣ ಕೈಯಲ್ಲಿದ್ದರೆ, ಶಾಲೆ ಆರಂಭವಾಗುವ ಮೊದಲು ಎಲ್ಲರನ್ನೂ ಕರೆತನ್ನಿ. ಇಲ್ಲವಾದರೆ ಆ ವರ್ಷ ಬೇಡ. ನಿಮಗೆ ಸಣ್ಣ ಎಂಜಿನ್‌ಗಳ ಕೆಲಸ ಎಷ್ಟು ಬರುತ್ತದೆ, ಬೈಕು ಮತ್ತು ಪರವಾನಗಿ ಇದೆಯೇ, ಸ್ವಂತ ವೆಲ್ಡಿಂಗ್ ಯಂತ್ರವಿದೆಯೇ ಎಂಬುದನ್ನು ಇಲ್ಲಿಯೇ ತಿಳಿಸಿ. ನವೆಂಬರಿನಿಂದ ಕೊಯ್ಲು ಮುಗಿಯುವವರೆಗೆ ಕೆಲಸ ಮತ್ತು ಉಳಿಯಲು ಒಂದು ಕೋಣೆಯನ್ನು ನಮ್ಮ ಊರಿನಲ್ಲಿ ನಾನು ನೋಡಿ ಹೇಳುತ್ತೇನೆ.