ಉಪಗ್ರಹದ ಲೆಕ್ಕವನ್ನು ನೆಲ ಒಪ್ಪಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಉಪಗ್ರಹ ಕೊಡುವ ಅಳತೆಯನ್ನು ಎಷ್ಟು ನಂಬಬಹುದು ಎಂದು ಕೇಳಿ ಈ ಬಾರಿ ಹಲವು ಪತ್ರಗಳು ಬಂದಿವೆ. ಉತ್ತರಕ್ಕೆ ಮೊದಲು ಎರಡು ಶಬ್ದ ಗೊತ್ತಿರಲಿ. ಸೆನ್ಸರ್ ಕೊಡುವ ಅಂಕಿಯನ್ನು ನಮಗೆ ಮೊದಲೇ ಖಚಿತವಾಗಿ ಗೊತ್ತಿರುವ ಒಂದು ಅಳತೆಗೆ ಹೋಲಿಸಿ ಸರಿಮಾಡುವುದು ಕ್ಯಾಲಿಬ್ರೇಷನ್. ಆ ಅಂಕಿಯಿಂದ ಲೆಕ್ಕ ಹಾಕಿ ತೆಗೆದ ಮಳೆ, ತೇವ, ಬಿಸಿ ಇವು ನೆಲದಲ್ಲಿ ನಿಜವಾಗಿ ಇರುವುದಕ್ಕೆ ಎಷ್ಟು ಹತ್ತಿರ ಇವೆ ಎಂದು ಹೋಗಿ ನೋಡುವುದು ವ್ಯಾಲಿಡೇಷನ್. ಈ ಕೆಲಸದಲ್ಲಿರುವವರು ಎರಡನ್ನೂ ಸೇರಿಸಿ ‘ಕ್ಯಾಲ್-ವ್ಯಾಲ್’ ಅನ್ನುತ್ತಾರೆ. ರಾಕೆಟ್ ಹಾರುವುದನ್ನು ಟಿವಿಯಲ್ಲಿ ತೋರಿಸುತ್ತಾರೆ, ಈ ಕೆಲಸವನ್ನು ಯಾರೂ ತೋರಿಸುವುದಿಲ್ಲ. ಆದರೆ ಇದಿಲ್ಲದೆ ಉಪಗ್ರಹದಿಂದ ಬರುವುದು ಬರೀ ಅಂಕಿಗಳ ರಾಶಿ.

ಪ್ರಶ್ನೆ: ನಮ್ಮದು ಗುಂಡ್ಲುಪೇಟೆ ತಾಲ್ಲೂಕು. ಉಪಗ್ರಹದ ಲೆಕ್ಕ ತೋರಿಸುವ ಆ್ಯಪ್ ನೋಡಿದರೆ ಮಣ್ಣಿನಲ್ಲಿ ತೇವ ಸಾಕಷ್ಟಿದೆ ಎನ್ನುತ್ತದೆ. ಹೊಲಕ್ಕೆ ಹೋದರೆ ಸೂರ್ಯಕಾಂತಿ ಬಾಡುತ್ತಿದೆ. ಯಾರನ್ನು ನಂಬಬೇಕು ಸರ್?

ನಿಮ್ಮ ಹೊಲದ ಮಟ್ಟಿಗೆ ನಿಮ್ಮ ಕಣ್ಣನ್ನೇ ನಂಬಿ. ಹಾಗಂತ ಉಪಗ್ರಹ ಸುಳ್ಳು ಹೇಳಿತು ಅಂತಲ್ಲ. ನೀವು ಕೇಳಿದ್ದು ಒಂದು ಹೊಲದ ವಿಚಾರ. ಅದು ಹೇಳುತ್ತಿರುವುದು ಒಂದು ಸೀಮೆಯ ವಿಚಾರ.

ನಿಮ್ಮ ಆ್ಯಪ್‌ಗೆ ಯಾವ ಉಪಗ್ರಹದ ಮಾಹಿತಿ ಬರುತ್ತದೆ ಎಂದು ಪತ್ರದಲ್ಲಿಲ್ಲ. ಉದಾಹರಣೆಗೆ ನಾಸಾದ ಸ್ಮ್ಯಾಪ್ ತೆಗೆದುಕೊಳ್ಳೋಣ. ಅದು 2015ರ ಜನವರಿ 31ರಂದು ಹಾರಿತು. ಮಣ್ಣು ತಾನಾಗಿಯೇ ಹೊರಗೆ ಬಿಡುವ ಮೈಕ್ರೋವೇವ್ ಅಲೆಗಳನ್ನು ಅದು ಅಳೆಯುತ್ತದೆ. ಒಣ ಮಣ್ಣು ಈ ಅಲೆಗಳನ್ನು ಜಾಸ್ತಿ ಬಿಡುತ್ತದೆ, ಒದ್ದೆ ಮಣ್ಣು ಕಡಿಮೆ. ಅಲೆ ಉದ್ದವೂ ದುರ್ಬಲವೂ ಆದ್ದರಿಂದ ಸಣ್ಣ ಜಾಗವನ್ನು ಬಿಡಿಸಿ ನೋಡಲು ಆಗುವುದಿಲ್ಲ. ಅದರ ಮೂಲ ಲೆಕ್ಕ ಬರುವುದು 36 ಕಿ.ಮೀ. ಉದ್ದ, 36 ಕಿ.ಮೀ. ಅಗಲದ ಚೌಕಕ್ಕೆ. ಎಕರೆಯಲ್ಲಿ ಹೇಳಿದರೆ ಮೂರು ಲಕ್ಷಕ್ಕೂ ಮೇಲೆ. ಅಷ್ಟರಲ್ಲಿ ಬೋರ್‌ವೆಲ್ ನೀರು ಕುಡಿದ ಅರಿಶಿನ ಇರುತ್ತದೆ, ಮಳೆಯನ್ನೇ ನಂಬಿದ ಸೂರ್ಯಕಾಂತಿ ಇರುತ್ತದೆ, ಕೆರೆ, ಬಾಳೆತೋಟ, ಬಂಡೀಪುರದ ಕಾಡಂಚು ಎಲ್ಲವೂ ಇರುತ್ತವೆ. ಇಷ್ಟಕ್ಕೆಲ್ಲ ಸೇರಿ ಒಂದೇ ಅಂಕಿ.

ಆಳದ ಲೆಕ್ಕವೂ ಬೇರೆ. ಸ್ಮ್ಯಾಪ್‌ಗೆ ಕಾಣುವುದು ಮೇಲಿನ 5 ಸೆಂ.ಮೀ. ಮಣ್ಣು ಮಾತ್ರ. ಸೂರ್ಯಕಾಂತಿಯ ಬೇರು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ನಿನ್ನೆ ಸಂಜೆ ಒಂದು ಹದವಲ್ಲದ ಮಳೆ ಬಿದ್ದಿದ್ದರೆ ಮೇಲ್ಮಣ್ಣು ಒದ್ದೆಯಾಗಿರುತ್ತದೆ, ಬೇರಿಗೆ ಏನೂ ಸಿಕ್ಕಿರುವುದಿಲ್ಲ.

ನಿಮಗೆ ಸಂತೋಷ ಕೊಡುವ ಒಂದು ವಿಷಯ ಹೇಳುತ್ತೇನೆ. ಇದೇ ಪ್ರಶ್ನೆಗೆ ನಿಮ್ಮ ತಾಲ್ಲೂಕಿನಲ್ಲೇ ವರ್ಷಗಟ್ಟಲೆ ಕೆಲಸ ನಡೆದಿದೆ. ಬೇರಂಬಾಡಿ ಸುತ್ತಲಿನ ಸುಮಾರು 84 ಚದರ ಕಿ.ಮೀ. ಜಲಾನಯನ ಪ್ರದೇಶವನ್ನು ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳು ಫ್ರೆಂಚ್ ವಿಜ್ಞಾನಿಗಳ ಜತೆ ಸೇರಿ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ‘ಅಂಭಸ್’ ಎನ್ನುವುದು ಆ ಯೋಜನೆಯ ಹೆಸರು. ಉಪಗ್ರಹ ತಲೆಯ ಮೇಲೆ ಹಾದುಹೋಗುವ ದಿನ ರೈತರ ಹೊಲಗಳಿಗೆ ಹೋಗಿ ಮಣ್ಣಿನ ತೇವ ಅಳೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅಲ್ಲಿನ ಮುಖ್ಯ ಕೆಲಸಗಳಲ್ಲಿ ಒಂದು. ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಅಕ್ಕಪಕ್ಕದಲ್ಲೇ ಸಿಗುವುದರಿಂದ ಆ ಜಾಗ ಪರೀಕ್ಷೆಗೆ ಬಹಳ ಒಳ್ಳೆಯದು.

ಈ ಹೊಲದ ಕೆಲಸ ಹೊರಗಿನಿಂದ ನೋಡಲು ಸುಲಭ ಅನ್ನಿಸುತ್ತದೆ, ಅಲ್ವಾ? ಮಣ್ಣಿಗೆ ತೇವ ಅಳೆಯುವ ಕಡ್ಡಿ ಚುಚ್ಚಿದರೆ ಅಂಕಿ ಬರುತ್ತದೆ. ಆದರೆ ಒಂದೇ ಹೊಲದಲ್ಲಿ ದಿಂಡಿನ ಮೇಲೆ ಒಂದು ಅಂಕಿ, ಸಾಲಿನೊಳಗೆ ಇನ್ನೊಂದು. ನೆರಳಿನಲ್ಲಿ ಮತ್ತೊಂದು. ಹಾಗಾಗಿ ಹಲವು ಕಡೆ ಚುಚ್ಚಿ ಸರಾಸರಿ ತೆಗೆಯಬೇಕು. ಇನ್ನು ಆ ಕಡ್ಡಿಯನ್ನೇ ನಂಬುವುದು ಹೇಗೆ? ಅದು ಮಣ್ಣಿನ ವಿದ್ಯುತ್ ಗುಣ ನೋಡಿ ತೇವ ಊಹಿಸುತ್ತದೆ, ಮಣ್ಣು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅದಕ್ಕೇ ಗೊತ್ತಿರುವ ಅಳತೆಯ ಉಂಗುರದಲ್ಲಿ ಮಣ್ಣು ತೆಗೆದು, ತೂಗಿ, 105 ಡಿಗ್ರಿ ಒಲೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುತ್ತಾರೆ. ಕಳೆದುಹೋದ ತೂಕವೇ ನೀರು. ಉಪಗ್ರಹದ ಲೆಕ್ಕಕ್ಕೆ ಕಡ್ಡಿ ಸಾಕ್ಷಿ, ಕಡ್ಡಿಗೆ ಒಲೆ ಸಾಕ್ಷಿ. ಈ ಸರಪಳಿ ಎಲ್ಲೂ ಕಡಿಯಬಾರದು.

ಸ್ಮ್ಯಾಪ್‌ಗೆ ಇಟ್ಟುಕೊಂಡ ಗುರಿ ಏನು ಗೊತ್ತೇ? ನೂರು ಲೀಟರ್ ಮಣ್ಣಿನಲ್ಲಿ ತೇವದ ಲೆಕ್ಕ ನಾಲ್ಕು ಲೀಟರ್‌ಗಿಂತ ಆಚೀಚೆ ಆಗಬಾರದು. ದಟ್ಟ ಕಾಡಿಗೆ ಈ ಮಾತಿಲ್ಲ. ಈ ನಾಲ್ಕು ಲೀಟರ್ ಕೂಡ ಒಂದು ಜಾಗದಲ್ಲಿ ಸದಾ ಇರುವ ಹೆಚ್ಚು-ಕಡಿಮೆಯನ್ನು ಕಳೆದ ಮೇಲಿನ ಲೆಕ್ಕ. ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಸಂಗತಿ ಇದೆ. ಇವತ್ತಿನ ಅಂಕಿ ಎಷ್ಟು ಎಂದು ನೋಡುವುದಕ್ಕಿಂತ, ಕಳೆದ ವಾರಕ್ಕೆ ಹೋಲಿಸಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಏರಿಳಿತ ಹೇಳುವುದರಲ್ಲಿ ಉಪಗ್ರಹ ಗಟ್ಟಿ. ನೀರು ಕಟ್ಟಬೇಕೋ ಬೇಡವೋ ಎನ್ನುವುದನ್ನು ಮಾತ್ರ ಒಂದು ಗೇಣು ಅಗೆದು, ಮಣ್ಣು ಮುಟ್ಟಿ ತೀರ್ಮಾನಿಸಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಹಾರಿಸುವ ಮೊದಲೇ ಲ್ಯಾಬ್‌ನಲ್ಲಿ ಎಲ್ಲ ಪರೀಕ್ಷೆ ಮಾಡಿರುತ್ತಾರೆ. ಮತ್ತೆ ಮತ್ತೆ ಯಾಕೆ ಬೇಕು?

ಅಂಗಡಿಯ ತಕ್ಕಡಿ ಕೊಂಡಾಗ ಸರಿಯಿತ್ತು ಅಂತ ಸುಮ್ನೆ ಬಿಡುವುದಿಲ್ಲ, ಅವಧಿ ಮುಗಿದಾಗಲೆಲ್ಲ ಮುದ್ರೆ ಹಾಕಿಸಬೇಕು. ಉಪಗ್ರಹದ ಕಥೆ ಅದಕ್ಕಿಂತ ಕಷ್ಟ. ರಾಕೆಟ್‌ನಲ್ಲಿ ಜೋರಾಗಿ ಅಲುಗಾಡಿಕೊಂಡು ಹೋಗುತ್ತದೆ. ಮೇಲೆ ಹೋದ ಮೇಲೆ ಗಾಳಿಯಿಲ್ಲ, ಬಿಸಿಲಿನ ನೇರಳಾತೀತ ಕಿರಣ ಕನ್ನಡಿ, ಫಿಲ್ಟರ್‌ಗಳನ್ನು ನಿಧಾನವಾಗಿ ಮಂಕು ಮಾಡುತ್ತದೆ. 1984ರಿಂದ 2013ರವರೆಗೆ ನೆಲದ ಚಿತ್ರ ತೆಗೆಯುತ್ತಾ ದುಡಿದ ಅಮೆರಿಕದ ಲ್ಯಾಂಡ್‌ಸ್ಯಾಟ್ 5 ಉಪಗ್ರಹದಲ್ಲಿ ತಣ್ಣಗಿನ ಡಿಟೆಕ್ಟರ್‌ಗಳ ಮುಂದಿನ ಕಿಟಕಿಯ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತಿತ್ತು. ಅದರಿಂದ ಅಂಕಿಗಳು ಏರಿ ಇಳಿಯುತ್ತಿದ್ದವು. ಆಗಾಗ ಬಿಸಿ ಮಾಡಿ ಅದನ್ನು ಓಡಿಸಬೇಕಿತ್ತು.

ಸೆನ್ಸರ್ ವರ್ಷಕ್ಕೆ ಅರ್ಧ ಶೇಕಡ ಮಂಕಾದರೂ ಹತ್ತು ವರ್ಷಕ್ಕೆ ಐದು. ಯಾರೂ ಗಮನಿಸದಿದ್ದರೆ ನೆಲವೇ ಬದಲಾಗಿದೆ ಎಂದು ವರದಿ ಬರೆದುಬಿಡುತ್ತೇವೆ. ಸರ್ಕಾರ ಆ ವರದಿ ನೋಡಿ ನಿರ್ಧಾರ ತೆಗೆದುಕೊಳ್ಳುತ್ತದೆ. ನನಗೆ ಆತಂಕ ಆಗುವುದು ಇಲ್ಲೇ.

ಹಾಗಾದರೆ ಯಾವುದನ್ನು ನೋಡಿ ಸರಿಮಾಡುವುದು? ಬದಲಾಗದ ಜಾಗವನ್ನು. ಲಿಬಿಯಾದ ಮರುಭೂಮಿಯಲ್ಲಿ ‘ಲಿಬಿಯಾ-4’ ಎಂದು ಕರೆಯುವ ಮರಳುದಿಬ್ಬಗಳ ಪ್ರದೇಶ ಇದೆ. ಮಳೆ, ಹಸಿರು, ಜನ ಇಲ್ಲವೇ ಇಲ್ಲ ಅನ್ನಬಹುದು, ಮೋಡವೂ ಕಡಿಮೆ. ಅನೇಕ ದೇಶಗಳ ಉಪಗ್ರಹಗಳು ಅದನ್ನು ಮತ್ತೆ ಮತ್ತೆ ನೋಡುತ್ತವೆ. ಮರಳು ವರ್ಷದಿಂದ ವರ್ಷಕ್ಕೆ ಮಂಕಾದಂತೆ ಕಂಡರೆ ಮಂಕಾಗಿರುವುದು ಸೆನ್ಸರ್. ನಮ್ಮಲ್ಲಿ ಗುಜರಾತಿನ ಕಚ್ಛ್‌ನ ರಣ್ ಪ್ರದೇಶವನ್ನು ಇಸ್ರೊ ಇಂಥದ್ದೇ ಕೆಲಸಕ್ಕೆ ಬಳಸಿದೆ. ಇನ್ನು ಅಮೆರಿಕದ ನೆವಾಡಾದ ರೈಲ್‌ರೋಡ್ ವ್ಯಾಲಿ, ಫ್ರಾನ್ಸಿನ ಲಾ ಕ್ರೋ, ನಮೀಬಿಯಾದ ಗೊಬಾಬೆಬ್ ಇಂಥ ಕಡೆಗಳಲ್ಲಿ ನೆಲದ ಮೇಲೆಯೇ ಉಪಕರಣ ನಿಲ್ಲಿಸಿದ್ದಾರೆ. ಅವು ಹಗಲಿನಲ್ಲಿ ಅರ್ಧ ಗಂಟೆಗೊಮ್ಮೆ ನೆಲ ಎಷ್ಟು ಬೆಳಕು ವಾಪಸ್ ಕಳಿಸುತ್ತಿದೆ ಎಂದು ಅಳೆದು ಎಲ್ಲರಿಗೂ ಕೊಡುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಂದ್ರ. ಅಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಮೇಲ್ಮೈ ನಮ್ಮ ಕಾಲದಲ್ಲಿ ಬದಲಾಗುವುದೂ ಇಲ್ಲ. ಲ್ಯಾಂಡ್‌ಸ್ಯಾಟ್ 8 ತಿಂಗಳಿಗೊಮ್ಮೆ ಹುಣ್ಣಿಮೆಯ ಆಸುಪಾಸಿನಲ್ಲಿ ತಿರುಗಿ ಚಂದ್ರನನ್ನು ನೋಡುತ್ತದೆ. ಸೀವಿಫ್ಸ್ ಎಂಬ ಸಮುದ್ರದ ಬಣ್ಣ ನೋಡುವ ಸೆನ್ಸರ್ 1997ರಿಂದ 2010ರವರೆಗೆ ನಂಬುವಂಥ ಅಂಕಿ ಕೊಟ್ಟದ್ದು ಇದೇ ಅಭ್ಯಾಸದ ಬಲದಿಂದ. ಚಂದ್ರನ ಹೊಳಪು ದಿನದಿನಕ್ಕೆ ಬದಲಾಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು. ಅದಕ್ಕಾಗಿ ಅಮೆರಿಕದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ದೂರದರ್ಶಕ ಇಟ್ಟು ವರ್ಷಗಟ್ಟಲೆ ಚಂದ್ರನನ್ನು ಅಳೆದು, ಯಾವ ರಾತ್ರಿ ಎಷ್ಟು ಹೊಳಪಿರಬೇಕು ಎಂದು ಹೇಳುವ ಮಾದರಿ ಕಟ್ಟಿದ್ದಾರೆ.

ಇನ್ನೊಂದು ದಾರಿ, ಹಳೆಯ ಉಪಗ್ರಹದ ಪಕ್ಕ ಹೊಸದನ್ನು ಓಡಿಸುವುದು. ಲ್ಯಾಂಡ್‌ಸ್ಯಾಟ್ 9 ಹಾರಿದ್ದು 2021ರ ಸೆಪ್ಟೆಂಬರ್ 27ರಂದು. ತನ್ನ ಕಕ್ಷೆ ಸೇರುವ ಮೊದಲು ನವೆಂಬರ್‌ನಲ್ಲಿ ಅದು ಲ್ಯಾಂಡ್‌ಸ್ಯಾಟ್ 8ರ ಕೆಳಗೆ ಹಾದುಹೋಯಿತು. ಇಬ್ಬರೂ ಒಂದೇ ನೆಲವನ್ನು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನೋಡಿದರು. 1972ರಿಂದ ಬಂದ ಲ್ಯಾಂಡ್‌ಸ್ಯಾಟ್ ದಾಖಲೆ ಮುರಿಯದೆ ಮುಂದುವರಿಯಬೇಕಾದರೆ ಇಷ್ಟು ಜಾಗ್ರತೆ ಬೇಕು.

ಪ್ರಶ್ನೆ: ಮಲ್ಪೆಯಲ್ಲಿ ನಮಗೆ ಮೀನು ಸಿಗಬಹುದಾದ ಜಾಗದ ಸೂಚನೆ ಬರುತ್ತದೆ. ಸಮುದ್ರದ ಬಣ್ಣ ನೋಡಿ ಹೇಳುತ್ತಾರಂತೆ. ಅಷ್ಟು ಎತ್ತರದಿಂದ ಬಣ್ಣ ಸರಿಯಾಗಿ ತಿಳಿಯುತ್ತದಾ?

ತಿಳಿಯುತ್ತದೆ, ಆದರೆ ಬಹಳ ಕಷ್ಟಪಟ್ಟು. ಸಮುದ್ರದ ಮೇಲೆ ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಗಾಳಿಯಿಂದ ಚದುರಿ ಬಂದದ್ದು. ನೀರಿನಿಂದ ಬರುವುದು ಉಳಿದ ಹತ್ತು ಪಾಲು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಆದ್ದರಿಂದ ಸೆನ್ಸರ್‌ನಲ್ಲಿ ಅರ್ಧ ಶೇಕಡ ತಪ್ಪಾದರೆ ನೀರಿನ ಲೆಕ್ಕದಲ್ಲಿ ಐದು ಶೇಕಡ ತಪ್ಪಾಗುತ್ತದೆ.

ಇದನ್ನು ಸರಿಮಾಡಲು ಸಮುದ್ರದಲ್ಲೇ ತೇಲುವ ಉಪಕರಣ ಬೇಕು. ಹವಾಯಿಯ ಲಾನಾಯಿ ದ್ವೀಪದ ಬಳಿ ‘ಮೋಬಿ’ ಎಂಬ ತೇಲುಬುರುಡೆ 1990ರ ದಶಕದಿಂದ ಈ ಕೆಲಸ ಮಾಡುತ್ತಿದೆ. ನಮ್ಮ ಹತ್ತಿರದ್ದು ಲಕ್ಷದ್ವೀಪದ ಕವರತ್ತಿ. ಓಷನ್‌ಸ್ಯಾಟ್-2ರ ಕ್ಯಾಮೆರಾವನ್ನು ಸರಿಮಾಡಲು ಇಸ್ರೊದ ಅಹಮದಾಬಾದ್ ಕೇಂದ್ರ ಅಲ್ಲಿ ಉಪಕರಣ ಇಟ್ಟಿತು. ಅಲ್ಲಿ ನೀರು ತಿಳಿ, ನದಿಯ ಕೆಸರು ಬರುವುದಿಲ್ಲ. ಉಪ್ಪುನೀರಿನಲ್ಲಿ ಉಪಕರಣಕ್ಕೆ ಪಾಚಿ, ಚಿಪ್ಪು ಹತ್ತುವುದು ನಿಮಗೆ ಹೇಳಿಕೊಡಬೇಕಾಗಿಲ್ಲ. ದೋಣಿಯ ತಳ ಉಜ್ಜಿದ ಹಾಗೆ ಇದರ ಗಾಜನ್ನೂ ಉಜ್ಜುತ್ತಲೇ ಇರಬೇಕು.

ಒಂದು ಎಚ್ಚರಿಕೆ. ದಡದ ಹತ್ತಿರದ ಕಲಕು ನೀರಿನಲ್ಲಿ ಹೊಳೆಯ ಕೆಸರೂ ಪಾಚಿಯ ಹಸಿರೂ ಬೆರೆತಿರುತ್ತವೆ. ಅಲ್ಲಿ ಲೆಕ್ಕ ತಪ್ಪುವ ಸಂಭವ ಜಾಸ್ತಿ. ಆಳದ ತಿಳಿ ನೀರಿನ ಸೂಚನೆ ಹೆಚ್ಚು ಗಟ್ಟಿ.

ಪ್ರಶ್ನೆ: ನಿಸಾರ್ ಉಪಗ್ರಹ 2025ರ ಜುಲೈ 30ರಂದೇ ಹಾರಿತು. ಮಾಹಿತಿ ಕೊಡಲು ತಿಂಗಳುಗಟ್ಟಲೆ ಯಾಕೆ? (ಬೆಂಗಳೂರು)

ನಿಸಾರ್ ಎಂದರೆ ನಾಸಾ, ಇಸ್ರೊ ಸೇರಿ ಮಾಡಿದ ರೇಡಾರ್ ಉಪಗ್ರಹ. ಮೊದಲ 90 ದಿನ ತಯಾರಿಗೆಂದೇ ಇಟ್ಟಿದ್ದರು. 12 ಮೀಟರ್ ಅಗಲದ ಆ್ಯಂಟೆನಾ ಬಿಚ್ಚಬೇಕು, ಕಕ್ಷೆ ಸರಿಮಾಡಬೇಕು, ಆಮೇಲೆ ನಿಮ್ಮ ಊರಿನಲ್ಲೇ ಉಪಗ್ರಹಕ್ಕೆ ಜೋಡಿಸಿದ ಆ ರೇಡಾರ್‌ಗಳ ಪರೀಕ್ಷೆ. ರೇಡಾರ್ ಪರೀಕ್ಷೆಗೆ ನೆಲದ ಮೇಲೆ ಮೂರು ಲೋಹದ ತಗಡುಗಳನ್ನು ಮೂಲೆ ಕೂಡಿಸಿದ ಹಾಗೆ ನಿಲ್ಲಿಸುತ್ತಾರೆ. ಅದು ಬಂದ ಅಲೆಯನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತದೆ. ತಗಡಿನ ಅಳತೆ ಗೊತ್ತಿರುವುದರಿಂದ ಎಷ್ಟು ಹೊಳೆಯಬೇಕು ಎಂದೂ ಗೊತ್ತು. ಮಳೆನೀರು ನಿಂತರೆ ಲೆಕ್ಕ ಕೆಡುತ್ತದೆ, ಅದಕ್ಕೆ ತಳದಲ್ಲಿ ತೂತು. ಅಮೆಜಾನ್ ಕಾಡು ರೇಡಾರ್‌ಗೆ ಎಲ್ಲ ಕಡೆ ಒಂದೇ ಸಮನಾಗಿ ಕಾಣುವುದರಿಂದ ಆ್ಯಂಟೆನಾ ಸರಿಯಾಗಿ ನೋಡುತ್ತಿದೆಯೇ ಎಂದು ಅಲ್ಲಿ ಪರೀಕ್ಷಿಸುತ್ತಾರೆ. ಈ ಅವಸರ ನನಗೂ ಅರ್ಥವಾಗುತ್ತದೆ, ಆದರೆ ಇಲ್ಲಿ ಆತುರಪಡಬಾರದು.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಮಳೆಮಾಪಕದಲ್ಲಿ ಬರುವುದು ಉಪಗ್ರಹದ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ. ನೆಲದ ಅಳತೆಯೇ ಯಾವಾಗಲೂ ಸರಿ ಎಂದು ಮಕ್ಕಳಿಗೆ ಹೇಳಬಹುದಾ ಸರ್?

ನಿಮ್ಮ ಊರಿನ ಮಟ್ಟಿಗೆ ಮಾಪಕವೇ ಸರಿ ಇರುವ ಸಂಭವ ಹೆಚ್ಚು, ಮೇಡಂ. ಮೋಡದ ಎತ್ತರದ ಭಾಗದಲ್ಲಿರುವ ಹಿಮದ ಹರಳುಗಳನ್ನು ಗುರುತಿಸಿಯೇ ಉಪಗ್ರಹ ನೆಲದ ಮೇಲಿನ ಮಳೆಯನ್ನು ಬಹುಮಟ್ಟಿಗೆ ಅಂದಾಜು ಮಾಡುತ್ತದೆ. ಮಲೆನಾಡಿನ ಮುಂಗಾರಿನಲ್ಲಿ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ಅಷ್ಟೇನೂ ಎತ್ತರವಲ್ಲದ ಮೋಡದಿಂದಲೇ ಧೋ ಎಂದು ಸುರಿಯುತ್ತದೆ. ಅಲ್ಲಿ ಹಿಮ ಕಡಿಮೆ. ಉಪಗ್ರಹಕ್ಕೆ ಅದು ಸಣ್ಣ ಮಳೆಯಂತೆ ಕಾಣುತ್ತದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳ ದೊಡ್ಡ ಜಾಲ ಇರುವುದು ಇದಕ್ಕೇ ಬಹಳ ಮುಖ್ಯ.

ಆದರೆ ‘ಯಾವಾಗಲೂ’ ಎಂದು ಹೇಳಬೇಡಿ. ಓಝೋನ್ ರಂಧ್ರದ ಕಥೆ ಮಕ್ಕಳಿಗೆ ಹೇಳಿ. 1985ರಲ್ಲಿ ಅಂಟಾರ್ಕ್ಟಿಕದ ಹ್ಯಾಲಿ ನೆಲೆಯ ಅಳತೆಗಳಿಂದ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಅದನ್ನು ಪ್ರಕಟಿಸಿದರು. ನಾಸಾದ ನಿಂಬಸ್-7 ಉಪಗ್ರಹಕ್ಕೂ ಆ ಕಡಿಮೆ ಅಂಕಿಗಳು ಕಂಡಿದ್ದವು. ಓಝೋನ್ ಅಳೆಯುವ ಡಾಬ್ಸನ್ ಮಾನದಲ್ಲಿ 180ಕ್ಕಿಂತ ಕೆಳಗಿನ ಅಂಕಿ ಬಂದರೆ ಅನುಮಾನದ ಗುರುತು ಹಾಕುವಂತೆ ಕಂಪ್ಯೂಟರ್‌ಗೆ ಹೇಳಿಟ್ಟಿದ್ದರು. ಕಂಪ್ಯೂಟರ್ ಅವನ್ನು ಎಸೆದುಬಿಟ್ಟಿತು ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ಗುರುತು ಬಿದ್ದದ್ದನ್ನು ವಿಜ್ಞಾನಿಗಳು ನೋಡಿದರು. ದಕ್ಷಿಣ ಧ್ರುವದ ನೆಲೆಯ ಅಳತೆಗೆ ಹೋಲಿಸಿದರು. ಅಲ್ಲಿ ಸುಮಾರು 300 ಎಂದಿತ್ತು. ಉಪಗ್ರಹದ್ದೇ ತಪ್ಪಿರಬೇಕು ಅನ್ನಿಸುವ ಸ್ಥಿತಿ. ಆಮೇಲೆ ಗೊತ್ತಾಯಿತು, ತಪ್ಪಿದ್ದದ್ದು ಧ್ರುವದ ನೆಲೆಯ ಅಳತೆ. ರಂಧ್ರ ಒಂದು ಖಂಡದಷ್ಟು ದೊಡ್ಡದು ಎಂದು ತೋರಿಸಿದ್ದು ಅದೇ ಉಪಗ್ರಹ.

ಹಾಗಾಗಿ ನಿಮ್ಮ ಮಾಪಕವನ್ನೂ ಪರೀಕ್ಷಿಸಿ. ಹತ್ತಿರದ ಮರ ಅಥವಾ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಾದರೂ ಮಾಪಕ ಇರಲಿ. ಬಾಯಿ ಮಟ್ಟಸವಾಗಿರಲಿ, ಕೊಳವೆಯಲ್ಲಿ ಅಡಕೆ ಸಿಪ್ಪೆ, ಎಲೆ ಕಟ್ಟಿಕೊಂಡಿಲ್ಲ ಎಂದು ನೋಡಿ. ಹವಾಮಾನ ಇಲಾಖೆಯವರ ಹಾಗೆ ದಿನಾ ಬೆಳಿಗ್ಗೆ 8.30ಕ್ಕೇ ಅಳೆಯಿರಿ. ಭಾನುವಾರ ಬಿಟ್ಟು ಸೋಮವಾರ ಎರಡು ದಿನದ ಮಳೆ ಅಳೆದಿದ್ದರೆ, ಹಾಗೆಂದೇ ಬರೆಯಲಿ. ಮಳೆ ಬಾರದ ದಿನ ಜಾಗ ಖಾಲಿ ಬಿಡದೆ ಸೊನ್ನೆ ಬರೆಯಲು ಮಕ್ಕಳಿಗೆ ಹೇಳಿ. ಖಾಲಿ ಇದ್ದರೆ ಮಳೆ ಬರಲಿಲ್ಲವೋ, ಯಾರೂ ಅಳೆಯಲಿಲ್ಲವೋ ತಿಳಿಯುವುದಿಲ್ಲ. ಅಂಥ ಪುಸ್ತಕವನ್ನು ಉಪಗ್ರಹದ ಲೆಕ್ಕದ ಎದುರು ಇಡಲು ಬರುವುದಿಲ್ಲ.