ದ್ರಾಕ್ಷಿ ಲೆಕ್ಕದ ಆ್ಯಪ್‌ನಲ್ಲಿ ಏನನ್ನು ಪುಕ್ಕಟೆ ಕೊಡಬೇಕು?

ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಔಷಧಿ, ಕೂಲಿ ಲೆಕ್ಕ ಬರೆದಿಡುವ ಆ್ಯಪ್ ಮಾಡಿದ್ದೀರಿ, 14 ದಿನ ಉಚಿತ ಕೊಡೋಣವೇ ಅಥವಾ ಕಡಿಮೆ ಸೌಲಭ್ಯದ, ಲೈಟ್ ಅಂತ ಬೇರೆ ಉಚಿತ ಆ್ಯಪ್ ಬಿಡೋಣವೇ ಅಂತ ಕೇಳಿದ್ದೀರಿ. ಎರಡೂ ಬೇಡ. 14 ದಿನದಲ್ಲಿ ರೈತನಿಗೆ ಏನೂ ಗೊತ್ತಾಗುವುದಿಲ್ಲ. ಅಕ್ಟೋಬರ್ ಚಾಟ್ನಿಯಿಂದ, ಅಂದರೆ ಬಳ್ಳಿ ಕತ್ತರಿಸುವಾಗಿನಿಂದ, ಹಣ್ಣು ಕೊಯ್ಯುವವರೆಗೂ ಬರೆದಾಗಲೇ ಖರ್ಚೆಷ್ಟು, ಉಳಿದದ್ದೆಷ್ಟು ಅಂತ ಕಾಣೋದು, ಆ್ಯಪ್ ಉಪಯೋಗ ತಿಳಿಯೋದೂ ಆಗಲೇ, ಅಲ್ವಾ? ಲೈಟ್ ಬೇರೆ ಮಾಡಿದರೆ ಬರೆದದ್ದನ್ನೆಲ್ಲ ಹೊಸ ಆ್ಯಪ್‌ಗೆ ಸಾಗಿಸುವ ತಲೆನೋವು, ರೇಟಿಂಗೂ ಎರಡು ಕಡೆ ಹಂಚಿಹೋಗುತ್ತದೆ.

ಒಂದೇ ಆ್ಯಪ್ ಇರಲಿ, ಖರೀದಿ ಅದರೊಳಗೇ ಇಡಿ. ಒಂದು ಪ್ಲಾಟ್‌ಗೆ ಎಲ್ಲವೂ ಪುಕ್ಕಟೆ, ದಿನದ ಮಿತಿ ಬೇಡ. ಎರಡನೇ ಪ್ಲಾಟ್, ಪಿಡಿಎಫ್ ವರದಿ ಬೇಕಾದವರು ದುಡ್ಡು ಕೊಡಲಿ. ಅದನ್ನೂ ತಿಂಗಳ ಚಂದಾ ಮಾಡದೆ, ಮಾಲು ಮಾರಿ ಕೈಯಲ್ಲಿ ದುಡ್ಡಿದ್ದಾಗ ವರ್ಷಕ್ಕೊಮ್ಮೆ ಕೇಳಿ. ಕೊಡದವರ ಹಳೇ ಲೆಕ್ಕಕ್ಕೆ ಮಾತ್ರ ಬೀಗ ಹಾಕಬೇಡಿ, ಅದು ಅವರದ್ದು. ಜಾಹೀರಾತು ಖಂಡಿತ ಬೇಡ. ಲೆಕ್ಕದ ಪಕ್ಕದಲ್ಲೇ ಯಾವುದೋ ಔಷಧಿಯ ಜಾಹೀರಾತು ಬಂದರೆ, ನೀವೇ ಹೇಳಿದ್ದು ಅಂತ ತಿಳಿದು ಅದನ್ನೇ ಬೆಳೆಗೆ ಹೊಡೆದುಬಿಡುತ್ತಾರೆ.

ಇನ್ನೊಂದು, ಗೂಗಲ್ ಪ್ಲೇನಲ್ಲಿ ಒಮ್ಮೆ ಉಚಿತ ಅಂತ ಬಿಟ್ಟ ಆ್ಯಪ್‌ಗೆ ಆಮೇಲೆ ಬೆಲೆ ಇಡಲು ಬರುವುದಿಲ್ಲ, ಹೊಸ ಪ್ಯಾಕೇಜ್ ಹೆಸರಲ್ಲಿ (ಪ್ಲೇ ಆ್ಯಪನ್ನು ಗುರುತಿಸುವ ಹೆಸರು), ಅಂದರೆ ಬೇರೆ ಆ್ಯಪ್ ಆಗಿ ಮತ್ತೆ ಹಾಕಬೇಕು. ಒಳಗಿನ ಖರೀದಿಯನ್ನಾದರೆ ಯಾವಾಗ ಬೇಕಾದರೂ ಸೇರಿಸಬಹುದು. ಹಾಗಾಗಿ ಈ ಅಕ್ಟೋಬರ್‌ಗೆ ಧೈರ್ಯವಾಗಿ ಪುಕ್ಕಟೆ ಬಿಡಿ.